ಅಪ್ಪನ ಕ್ಲ್ಯಾಂಪು

ಕಳೆದ ಭಾನುವಾರ ಅಕ್ಕ ರಾಮಕೃಷ್ಣನಗರದಿಂದ ಆಟೋದಲ್ಲಿ ಒಂದು ಸ್ಟೂಲ್ ತಂದಳು. ಹಲಗೆ ಉದ್ದಕ್ಕೂ ಸೀಳಿತ್ತು. ನಾನು ಅಂಟು ಸವರಿ, ಎರಡೂ ಹೋಳು ಸೇರಿಸಿ, ಅಪ್ಪನ ಕಾಲದ ಕಬ್ಬಿಣದ ಕ್ಲ್ಯಾಂಪು ಹಾಕಿ ತಿರುಪು ಬಿಗಿಯತೊಡಗಿದೆ. ಅಕ್ಕ ಕಾಫಿ ಲೋಟ ಕೆಳಗಿಟ್ಟು ವರಾಂಡಕ್ಕೆ ಹೋಗಿ ನಿಂತಳು.

ನಾನು ಗಮನಿಸಲಿಲ್ಲ. ಪತ್ರಿಕೆಯ ಅಂಕಣಕ್ಕೆ ವಿಷಯ ಸಿಕ್ಕಿತ್ತಲ್ಲ. (ಡೆಡ್‌ಲೈನ್ ಇರುವವನಿಗೆ ಮುರಿದ ಸ್ಟೂಲೂ ವರವೇ.) ಅಪ್ಪ ಕಲಿಸಿದ್ದನ್ನೆಲ್ಲ ಒಳಗಿನಿಂದಲೇ ಹೇಳುತ್ತಾ ಹೋದೆ. ಕ್ಲ್ಯಾಂಪಿನ ಬಾಯಿಗೂ ಮರಕ್ಕೂ ನಡುವೆ ಹಲಗೆ ಚೂರು ಇಡಬೇಕು, ಇಲ್ಲದಿದ್ದರೆ ಮರಕ್ಕೆ ಗಾಯ. ಅಂಟು ಮಣಿಮಣಿಯಾಗಿ ಇಣುಕಿದೊಡನೆ ನಿಲ್ಲಿಸಬೇಕು. ಇನ್ನೂ ಬಿಗಿದರೆ ಅಂಟೆಲ್ಲ ಹೊರಬಂದು, ಒಳಗೆ ಹಿಡಿಯಲು ಏನೂ ಉಳಿಯದು. ತಿರುಪಿನ ಮೇಲೆ ಬಿದ್ದದ್ದನ್ನು ಹಸಿಯಿರುವಾಗಲೇ ಒರೆಸಬೇಕು. ಕೊನೆಗೆ ಒಂದು ತೊಟ್ಟು ಎಣ್ಣೆ.

"ಎಷ್ಟು ಜೋಪಾನ ಮಾಡ್ತಿದ್ರು ಇದನ್ನ, ಅಲ್ವಾ ಅಕ್ಕ?"

"ಹೂಂ. ನೆಂಟರು ಹಾಲ್‌ನಲ್ಲಿ ಕೂತಿದ್ದಾಗ ತಿರುಪು ಕಿರ್ ಅನ್ಬಾರ್ದಲ್ಲ."

ಅರ್ಥವಾಗಲಿಲ್ಲ.

"ನನ್ನ ರೂಮಿನ ಬಾಗಿಲಿಗೆ ಹಾಕ್ತಿದ್ರಲ್ಲೋ. ಹೊರಗಿನಿಂದ. ಎರಡು ಕದದ ಹಿಡೀನೂ ಸೇರಿಸಿ."

ಚಾಮರಾಜಪುರಂನ ನಮ್ಮ ಹಳೆ ಮನೆಯ ಆ ಹಸಿರು ಬಾಗಿಲು (ಹಸಿರೋ, ನೀಲಿಯೋ?) ನನಗೆ ನೆನಪಿದೆ. ಅದನ್ನು ಕಚ್ಚಿ ಹಿಡಿದಿದ್ದ ಕ್ಲ್ಯಾಂಪೂ ನೆನಪಿದೆ. "ಕದ ಬಿರುಕು ಬಿಟ್ಟಿದೆ, ಅಂಟು ಹಾಕಿದೀನಿ, ಒಣಗ್ಬೇಕು" ಎಂದು ಬಂದವರಿಗೆ ಅಪ್ಪ ಹೇಳುತ್ತಿದ್ದ ದನಿ ಕೂಡ. ನನ್ನ ತಲೆಯಲ್ಲಿ ಅದು ಬರೀ ರಿಪೇರಿ. ಬಾಗಿಲ ಹಿಂದೆ ಯಾರಿದ್ದರು ಎಂಬುದು ಮಾತ್ರ ಇಲ್ಲ. ಅಚ್ಚುಕಟ್ಟಾದ ನೆನಪುಗಳನ್ನು ನಂಬಬೇಡಿ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು?

"ಬೀಗ ಹಾಕ್ಬೋದಿತ್ತಲ್ಲ?" ದಡ್ಡ ಪ್ರಶ್ನೆ.

"ಬೀಗ ನೋಡಿದ್ರೆ ಬಂದೋರು ಕೇಳ್ತಾರೆ ಕಣೋ. ಕ್ಲ್ಯಾಂಪ್ ನೋಡಿ ಯಾರು ಕೇಳ್ತಾರೆ?"

ಅಪ್ಪ ನೋಡಿದ ಸಂಬಂಧ ಬೇಡ ಎಂದಿದ್ದಳಂತೆ. ಇಡೀ ಬೇಸಿಗೆ ಹಾಗೇ. ಊಟಕ್ಕೆ, ಬಚ್ಚಲಿಗೆ ಬಿಚ್ಚುತ್ತಿದ್ದರು. "ನಾನು ಹೂಂ ಅಂದ್ಮೇಲೆ ಪೂರ್ತಿ ಬಿಚ್ಬುಟ್ರು."

"ಅಮ್ಮ ಏನೂ ಅನ್ಲಿಲ್ವಾ?"

"ಹಲಗೆ ಚೂರು ತಂದುಕೊಡ್ತಿದ್ದೋಳೇ ಅವಳು. ಬಾಗಿಲಿನ ಪೇಂಟ್ ಕಿತ್ತೋಗ್ಬಾರ್ದು ಅಂತ."

ಅಕ್ಕ ನಕ್ಕಳು. ನನಗೆ ಆಗಲಿಲ್ಲ.

"ಈಗ ಅದನ್ನ ಬಿಚ್ಚು," ಎಂದಳು.

"ಅಂಟು ಹಸಿಯಿದೆ ಅಕ್ಕ, ಬೆಳಗ್ಗೆವರೆಗೂ..." ಬಿಚ್ಚಿದೆ. ಸೀಳು ನಿಧಾನವಾಗಿ ಬಾಯಿಬಿಟ್ಟಿತು. ಅಕ್ಕ ಒಳಗೆ ಬಂದು ಕೂತು, ಆರಿದ ಕಾಫಿ ಕುಡಿದಳು.

"ಬರೀತೀಯಲ್ಲ, ಇದನ್ನೂ ಬರಿ. ಮಕ್ಕಳಿಗೆ ಹೇಳಿದ್ರೆ ತಾತ ಹಂಗೆಲ್ಲ ಮಾಡಿರಲ್ಲ ಬುಡಮ್ಮ ಅಂತಾರೆ. ಪೇಪರಲ್ಲಿ ಬಂದ್ರೆ ನಂಬ್ತಾರೇನೋ."

ಬರೆದಿದ್ದೇನೆ. ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ.

ಆ ಬೇಸಿಗೆ ನಮ್ಮ ಮನೆಗೆ ಬಂದುಹೋದವರಲ್ಲಿ ಕೆಲವರು ಇಂದಿಗೂ ಈ ಅಂಕಣ ಓದುತ್ತೀರಿ. ತಿಂಗಳುಗಟ್ಟಲೆ ಒಣಗದ ಅಂಟು ಯಾವುದಪ್ಪಾ ಎಂದು ನಿಮ್ಮಲ್ಲಿ ಒಬ್ಬರಿಗೂ ಅನಿಸಲಿಲ್ಲವೇ?