ಅಂಗಳ ದಾಟಿದ ಕೈಮಾತು

ಗುಲನಾಜ ಏಣಿ ಹತ್ತದ ಹೊರತು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಸೂರ್ಯ ಹುಟ್ಟುವುದಿಲ್ಲ. ಒಮ್ಮೆ ನೆಗಡಿ ಬಂದು ಅವಳು ಮಲಗಿದ್ದಾಗ ಖಜೂರಿಯ ಲಾರಿಗಳು ಮಧ್ಯಾಹ್ನದವರೆಗೂ ದೀಪ ಹಚ್ಚಿಕೊಂಡೇ ಓಡಾಡಿದವು!

ಇಂದು ಸೂರ್ಯ ಹುಟ್ಟಿದ್ದಾನೆ. ಅಂದೋಲಾ ಕಡೆಯ ಸಣ್ಣ ಆಸ್ಪತ್ರೆಯೊಂದರ ಗೋಡೆಗೆ ಏಣಿ ಒರಗಿದೆ. ಅದರ ತುದಿಯಲ್ಲಿ ಗುಲನಾಜ ಓಢಣಿಯನ್ನು ಸೊಂಟಕ್ಕೆ ಬಿಗಿದು, ವೈಫೈ ಡಬ್ಬಿಯೊಳಗಿನ ಇರುವೆಗಳನ್ನು ಊದಿ ಓಡಿಸುತ್ತಿದ್ದಾಳೆ.

"ಎರಡು ಡಬ್ಬಿಗಿ ಲಗ್ನ ಮಾಡಸಾಕತ್ತಿ. ನಿಂದ್ಯಾವಾಗ ಬೇ?" ಏಣಿ ಹಿಡಿದ ನರ್ಸ್ ಜಯಮಾಲಾ ಕಾಡುತ್ತಾರೆ.

"ಇವು ಮದ್ಲ ಜಗಳ ಬಿಡ್ಲಿ ತಡೀರಿ ಸಿಸ್ಟರ್."

ಜಗಳ ಇಷ್ಟೇ. ಹಳೆ ವಾರ್ಡಿಗೊಂದು ನೆಟ್‌ವರ್ಕ್, ಅಂಗಳದಾಚೆಯ ಆಪರೇಷನ್ ಕೋಣೆಗೆ ಇನ್ನೊಂದು. ಅಂಗಳ ದಾಟಿದ ಫೋನಿನ ವಿಳಾಸವೇ ಬದಲಾಗಿ, ನಡೆಯುತ್ತಿದ್ದ ಕರೆ ಕಡಿದುಹೋಗುತ್ತದೆ. ಗುಲನಾಜ ಎರಡೂ ಡಬ್ಬಿಗಳ ನಡುವೆ ಟನಲ್ ಎಂಬ ಒಳದಾರಿ ಹಾಕುತ್ತಾಳೆ. ಆಮೇಲೆ ಫೋನು ಎಲ್ಲಿಗೆ ಹೋದರೂ ಹಳೆ ವಿಳಾಸದಲ್ಲೇ ಉಳಿಯುತ್ತದೆ.

ಡಿಶ್ ರಿಪೇರಿ ಮಾಡುವ ಅಪ್ಪ ಶರಫುದ್ದೀನರಿಗೆ ಏಣಿ ಹಿಡಿಯುತ್ತಲೇ ಕೆಲಸ ಕಲಿತವಳು ಇವಳು. "ಹೋದಲ್ಲೆಲ್ಲ 'ಮಿಸ್ತ್ರಿ ಎಲ್ಲಿ ಅದಾನವಾ?' ಅಂತಾರ್ರೀ. ಏಣಿ ಮ್ಯಾಲಿಂದನ 'ಬಂದೇನ್ರೀ' ಅಂತೇನಿ," ಎಂದು ನನಗೆ ಹೇಳುತ್ತಾಳೆ.

ಕೆಳಗಿಳಿದು ಫೋನಿನಲ್ಲಿ ಅಲ್ಲೊಮ್ಮೆ, ಇಲ್ಲೊಮ್ಮೆ "ಹಲೋ" ಅನ್ನುತ್ತಾಳೆ. ಕೇಳಿಸುತ್ತದೆ. ಕೆಲಸ ಮುಗಿಯಿತು.

ಅಷ್ಟರಲ್ಲಿ ಹೆರಿಗೆಯ ಆಪರೇಷನ್‌ಗೆ ಹಳೆ ವಾರ್ಡಿನ ಖುರ್ಷಿದಳ ಸ್ಟ್ರೆಚರ್ ಹೊರಡುತ್ತದೆ. ಅವಳಿಗೂ ಗಂಡ ಯಾಸೀನನಿಗೂ ಕಿವಿ ಕೇಳಿಸದು. ಇಬ್ಬರ ಮಾತೆಲ್ಲ ಕೈಯಲ್ಲೇ. ಯಾಸೀನ ಕರಜಗಿಯಲ್ಲಿ ಮೊದಲ ಬಸ್ಸಿಗೆ ಕಾಯುತ್ತಿದ್ದಾನೆ. ಅವನ ಕೈ ಕಾಣದೆ ಒಳಗೆ ಹೋಗಲಾರೆ ಎಂದು ಖುರ್ಷಿದ ತಲೆಯಾಡಿಸುತ್ತಾಳೆ. ಜಯಮಾಲಾ ವಿಡಿಯೋ ಕರೆ ಹಚ್ಚಿ, ಫೋನನ್ನು ಅವಳ ಮುಖದೆದುರು ಹಿಡಿದು ನಡೆಯುತ್ತಾರೆ.

ನಡು ಅಂಗಳದಲ್ಲಿ ಚಿತ್ರ ಗಕ್ಕನೆ ನಿಲ್ಲುತ್ತದೆ.

ಟನಲ್‌ನಲ್ಲಿ ಮಾತು, ಚಿತ್ರ ಎಲ್ಲವೂ ಗಂಟುಗಂಟಾಗಿ ಹೋಗುತ್ತವೆ, ಪ್ರತಿ ಗಂಟಿಗೂ ಮೇಲೊಂದು ಹೊದಿಕೆ ಸೇರಿ ಅದು ದಪ್ಪವಾಗುತ್ತದೆ. ಮಾತಿನ ಸಣ್ಣ ಗಂಟು ಹಾಯುತ್ತದೆ. ಚಿತ್ರದ ದೊಡ್ಡ ಗಂಟು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ಗುಲನಾಜ ಒಂದು ಚಿಟಿಕೆ ಹೊಡೆಯುತ್ತಾಳೆ. ಗಂಟುಗಳೆಲ್ಲ ಹೆದರಿ ತಾವಾಗಿಯೇ ಕುಗ್ಗುತ್ತವೆ, ಖುರ್ಷಿದ ರೆಪ್ಪೆ ಬಡಿಯುವಷ್ಟರಲ್ಲಿ!

"ಸುಳ್ಳ್ಯಾಕ ಬರೀತೀರಿ?" ಇಷ್ಟು ಬರೆದು ನಾನು ಓದಿ ಕೇಳಿಸಿದಾಗ ಗುಲನಾಜ ತಡೆಯುತ್ತಾಳೆ. "ಚಿಟಿಕಿ ಎಲ್ಲೀದ್ರೀ? ಬರೇ ಹಲೋ ಅಂದು ನೋಡಿ ಬಿಟ್ಟಿದ್ನಿ, ಚಿತ್ರ ಹಚ್ಚಿ ನೋಡಿರ್ಲಿಲ್ಲ. ಕೈಲೆ ಮಾತಾಡೋರು ಇರ್ತಾರಂತ ನೆಪ್ಪೇ ಆಗ್ಲಿಲ್ಲ. ಖರೇ ಬರೀರಿ."

ನನ್ನ ಸುಳ್ಳು ಸಿಕ್ಕಿಬಿದ್ದದ್ದಾಯಿತು, ಖರೇ ಹೀಗಿದೆ. ಕಪ್ಪಿನ ಚಹಾ ಆರಿಹೋಗುವಷ್ಟು ಹೊತ್ತು ಸ್ಟ್ರೆಚರ್ ಅಂಗಳದಲ್ಲೇ ನಿಂತಿತ್ತು. ಜಯಮಾಲಾ ಗದರಲಿಲ್ಲ, ಬಿಸಿಲಿಗೆ ಬೆನ್ನು ಕೊಟ್ಟು ನೆರಳಾಗಿ ನಿಂತರು. ಪರದೆಯಲ್ಲಿ ಯಾಸೀನನ ಅಂಗೈ ಅರ್ಧ ಮಾತಿಗೇ ನಿಂತಿತ್ತು. ಅದರ ಮೇಲೆ ತನ್ನ ಅಂಗೈ ಇಟ್ಟು ಖುರ್ಷಿದ ಕಾದಳು. ಗುಲನಾಜ ನೆಲದ ಮೇಲೆ ಕುಳಿತು, ಲ್ಯಾಪ್‌ಟಾಪಿನಲ್ಲಿ ಗಂಟಿನ ಅಳತೆಯನ್ನು ಚೂರುಚೂರೇ ಇಳಿಸುತ್ತ ಹೋದಳು.

ಖುರ್ಷಿದಳ ಬೆರಳ ಸಂದಿಯಲ್ಲಿ ಬೆಳಕು ಅಲುಗಿತು. ಅವಳು ಕೈ ಎತ್ತಿದಳು. ಯಾಸೀನನ ಕೈ ಉಳಿದರ್ಧ ಮಾತು ಆಡುತ್ತಿತ್ತು.