ಪಟ್ಟಿಯೊಳಗಿನ ಹಸಿರು ಬಳೆ

ಮೆಹಕರದಲ್ಲಿ ಕೇಶರಬಾಯಿಯ ಬಾಯಿಗೆ ಹೆದರದವರಿರಲಿಲ್ಲ. ಅವಳು ಹೆದರುತ್ತಿದ್ದದ್ದು ಬೋಳು ಕೈಗೆ ಮಾತ್ರ. ಎಪ್ಪತ್ತೆರಡರ ಬರಗಾಲದಲ್ಲಿ ಕಲ್ಲು ಒಡೆಯುತ್ತ ಅವಳ ಬಳೆಗಳೆಲ್ಲ ಚೂರಾಗಿದ್ದವು. ಅದೇ ವಾರ ದುಡಿಯಲು ಮುಂಬೈಗೆ ಹೋದ ಗಂಡ ತಿರುಗಿ ಬರಲಿಲ್ಲ. ಬೋಳು ಕೈಯಲ್ಲಿ ಬೀಳ್ಕೊಟ್ಟಿದ್ದಕ್ಕೇ ಹೀಗಾಯಿತೆಂದು ನಂಬಿಬಿಟ್ಟಳು.

ಎರಡು ಸಾವಿರದ ಹದಿನಾರರಲ್ಲಿ ಮತ್ತೆ ಬರ. ಮಗ ಮಾಣಿಕನೂ ಮುಂಬೈಗೆ ಹೊರಟ. ಔರಾದಿನಿಂದ ಸೊಸೆಯಾಗಿ ಬಂದ ಶಾಲುಬಾಯಿ ಆಗ ಬೀದರಿನ ಆಸ್ಪತ್ರೆಯಲ್ಲಿದ್ದಳು. ಒಲೆಯ ಬೆಂಕಿ ಸೀರೆಗೆ ಹತ್ತಿ ಎದೆ, ತೋಳು, ಬಲಗೈ ಸುಟ್ಟಿದ್ದವು. ಮೈಯ ಬೇರೆ ಕಡೆಯಿಂದ ತೆಗೆದು ಗಾಯಕ್ಕೆ ಹಚ್ಚಲು ಒಳ್ಳೆಯ ಚರ್ಮ ಸಾಕಷ್ಟಿರಲಿಲ್ಲ. ಡಾಕ್ಟರು ತೊಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು ಹೈದರಾಬಾದಿನ ಲ್ಯಾಬಿಗೆ ಕಳಿಸಿದ್ದರು. ಅದು ತೆಳ್ಳನೆಯ ಹಾಳೆಯಾಗಿ ಬೆಳೆದು ಬಂತು.

ಅದನ್ನು ಹಚ್ಚಿದ ಮೇಲೆ ನರ್ಸ್ ಗ್ರೇಸ ತಿಳಿಸಿ ಹೇಳಿದಳು: “ಆಯಿ, ಇದು ಅಕಿದೇ ತೊಗಲರಿ. ಜಾಳಿಗಿ ಮ್ಯಾಲ ಬೆಳಸ್ಯಾರ. ಬೇರು ಬಿಡೋ ತನಕ ಪಟ್ಟಿ ಮುಟ್ಟಬ್ಯಾಡ್ರಿ. ಇಲ್ಲಾಂದ್ರ ಕೈ ಮುದುಡ್ತದ.”

ಕೇಶರಬಾಯಿ ಹೂಂ ಎಂದಳು. ಆದರೆ ಮರುದಿನ ಮಾಣಿಕ ಹೇಳಿ ಹೋಗಲು ಬರುವ ಹೊತ್ತಿಗೆ ಸೊಸೆಯ ಕೈಗಳನ್ನೇ ನೋಡತೊಡಗಿದಳು. ಎಡಗೈಯಲ್ಲಿ ಸಲೈನ್ ಸೂಜಿಯಿತ್ತು, ಬಳೆ ಏರಿಸುವಂತಿರಲಿಲ್ಲ; ಬಲಗೈಗೆ ಪಟ್ಟಿ ಸುತ್ತಿತ್ತು.

“ಶಾಲೂ, ಗಂಡ ಊರು ಬಿಟ್ಟು ಹೊಂಟಾನ. ಬೋಳು ಕೈಲೆ ಕಳಸ್ತಿ ಏನ?”

ಶಾಲುಬಾಯಿ ಬಲಗೈ ಕೊಟ್ಟಳು. ಅತ್ತೆ ಪಟ್ಟಿ ಬಿಚ್ಚಿ, ಒಂದು ಹಸಿರು ಬಳೆ ಏರಿಸಿ, ಮತ್ತೆ ಸುತ್ತಿದಳು. ಮಾಣಿಕ ನಗುತ್ತಲೇ ಹೋದ.

ಡಾಕ್ಟರು ಪಟ್ಟಿ ಬಿಚ್ಚಿದಾಗ ಹೊಸ ಚರ್ಮ ಹಾಲಿನ ಕೆನೆಯಂತೆ ಬಳೆಗೆ ಸುತ್ತಿಕೊಂಡಿತ್ತು. ಕೇಶರಬಾಯಿ ತನ್ನ ತೋಳು ಮುಂದೆ ಮಾಡಿದಳು. “ನಂದು ತಗೋರಿ.”

“ಮಂದಿ ತೊಗಲು ಆ ಮೈ ಇಟ್ಕೊಳ್ಳಂಗಿಲ್ರಿ ಆಯಿ,” ಎಂದಳು ಗ್ರೇಸ. “ಅದಕ್ಕ ನೀವೂ ಮಂದೀನೇ.”

ಇಷ್ಟು ವರ್ಷ ಒಂದೇ ಒಲೆಯ ರೊಟ್ಟಿ ತಿಂದವಳಿಗೆ ಆ ಮಾತು ತಡೆಯಲಾಗಲಿಲ್ಲ. ವರಾಂಡಕ್ಕೆ ಹೋಗಿ ಅತ್ತಳು.

ಎರಡನೆಯ ಹಾಳೆ ಬೆಳೆದು ಬರುವಷ್ಟರಲ್ಲಿ ಗಾಯ ಎಳೆದುಕೊಂಡು ಬಲಗೈ ಮುದುಡಿತ್ತು.

ಮಳೆ ಬಿದ್ದ ಮೇಲೆ ಮಾಣಿಕ ಬಂದ, ಹೆಂಡತಿಗೆ ಬಳೆ ತಂದಿದ್ದ. ಎಡಗೈಗೆ ಏರಿದವು. ಬಲಗೈಗೆ ಒಂದೂ ಏರಲಿಲ್ಲ. ರೊಟ್ಟಿ ಬಡಿಯಲೂ ಆ ಕೈ ಬಿಚ್ಚುತ್ತಿರಲಿಲ್ಲ.

ಅವನು ಹೊರಗೆ ಹೋದ ಮೇಲೆ ಶಾಲುಬಾಯಿ ಮೆಲ್ಲಗೆ ಅಂದಳು: “ಅವತ್ತು ನೀವು ಬಳಿ ಹಾಕಿದ್ದಕ್ಕೇ ಇವರು ತಿರುಗಿ ಬಂದಾರ್ರಿ, ಅತ್ತಿ.”

ಜೀವಮಾನವಿಡೀ ಅದನ್ನೇ ನಂಬಿದ್ದ ಕೇಶರಬಾಯಿಗೆ ಆ ಕೈ ನೋಡುತ್ತ ಅದನ್ನು ನಂಬಲಾಗಲಿಲ್ಲ.