ನಮ್ಮ ಮನೆಯ ದೆವ್ವಕ್ಕೆ ದೃಷ್ಟಿ ತೆಗೆದದ್ದು

ನನ್ನ ಮೊಮ್ಮಗಳು ಶಾಲಿನಿ ಸಿನಿಮಾದಲ್ಲಿ ದೆವ್ವವಾಗಿದ್ದಾಳೆ, ಮುಂಬೈಯ ಭಾಂಡುಪ್‌ನ ಥಿಯೇಟರಿಗೆ ಥಿಯೇಟರೇ ಕಿರುಚುವ ಹಾಗೆ ಹೆದರಿಸಿದ್ದಾಳೆ! ದುಡ್ಡಿಲ್ಲದವರು ತೆಗೆದ ಹಿಂದಿ ಸಿನಿಮಾ. ತೆಂಗಿನ ನಾರಿನ ಜಡೆ, ಸುಣ್ಣ ಬಳಿದ ಮುಖ. ಪಾದ ಮಾತ್ರ ಹಿಂದುಮುಂದು, ನಮ್ಮೂರ ಕಥೆಯ ಮೋಹಿನಿಯದ್ದು. ಅದನ್ನು ಹೇಳಿಕೊಟ್ಟವಳು ನಾನು.

ಅವಳು ಬಾವಿಯಿಂದ ಎದ್ದು ಬಂದಾಗ ಎಲ್ಲರಿಗಿಂತ ಜೋರಾಗಿ ಕಿರುಚಿದವನು ನನ್ನ ಹಿಂದಿನ ಸಾಲಿನಲ್ಲಿದ್ದ. ತಿರುಗಿದರೆ ನನ್ನ ಮಗ, ಅವಳ ಅಪ್ಪ! "ದೆವ್ವದ ಪಾರ್ಟು ಮಾಡಿದವಳನ್ನು ಯಾರು ಮದುವೆ ಆಗ್ತಾರೆ?" ಎಂದು ಮಗಳೊಡನೆ ಮಾತೇ ಬಿಟ್ಟಿದ್ದವನು, ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಡ್ಯೂಟಿ ಇದೆಯೆಂದು ಹೊರಟವನು, ಕದ್ದು ಮ್ಯಾಟಿನಿಗೆ ಬಂದಿದ್ದ. ನಾನು ಅವನನ್ನು ಕಂಡೇ ಇಲ್ಲವೆಂಬಂತೆ ಪರದೆಯ ಕಡೆ ತಿರುಗಿದೆ.

ಇಂಟರ್ವಲ್‌ನಲ್ಲಿ ಹೊರಗೆ ಬಂದು, ಸೆರಗಿನಲ್ಲಿ ಕಟ್ಟಿ ತಂದಿದ್ದ ಉಪ್ಪು, ಮೆಣಸಿನಕಾಯಿಯನ್ನು ಪೋಸ್ಟರಿನಲ್ಲಿದ್ದ ಮೊಮ್ಮಗಳಿಗೆ ನಿವಾಳಿಸತೊಡಗಿದೆ. ಅಷ್ಟು ಜನರ ಕಣ್ಣು ಬಿದ್ದಿತ್ತಲ್ಲ! ಗೇಟ್‌ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. ದೆವ್ವಕ್ಕೂ ದೃಷ್ಟಿ ತಗಲುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದ.

"ತಗಲ್ತದೆ," ಎಂದಿತು ನನ್ನ ಬೆನ್ನ ಹಿಂದಿನ ದನಿ. ಮಗನದ್ದೇ. "ಅಮ್ಮಾ, ಇನ್ನೊಂದು ಸುತ್ತು ತೆಗಿ. ನನ್ನ ಕಣ್ಣೂ ಬಿದ್ದಿದೆ."

ಅಂದು ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಎಷ್ಟೋ ದಿನಗಳ ಮೇಲೆ ಅಪ್ಪ ಮಗಳ ಕಡೆ ತಿರುಗಿದ. ದೊಡ್ಡ ಬಂಗುಡೆ ಮೀನನ್ನು ಅವಳ ತಟ್ಟೆಗೆ ಹಾಕಿ, "ತಿನ್ನು ಮಗಾ, ದೆವ್ವ ಇಷ್ಟು ಸಣಕಲು ಇದ್ದರೆ ಯಾರು ಹೆದರ್ತಾರೆ?" ಎಂದ. ಎಲ್ಲರಿಗಿಂತ ಜೋರಾಗಿ ಕಿರುಚಿದವನ ಬಾಯಲ್ಲಿ ಈ ಮಾತು! ನಗು ತಡೆಯಲಾರದೆ ನನಗೆ ಅನ್ನ ನೆತ್ತಿಗೇರಿತು.